ಅತ್ತೆ ಕಿತ್ತ ದಾಸವಾಳ

ಶನಿವಾರ ಊಟಕ್ಕೆ ಬಂದ, ಯೂಲೆಸ್ ಊರಿನ ಗೆಳೆಯ ಸುರೇಶ ಒಂದು ಪೊಟ್ಟಣ ಜಪಾನಿ ಅಕ್ಕಿ ಬಿಲ್ಲೆಗಳನ್ನು ತಂದಿದ್ದ. ಸೋಯಾ ರಸ ಸವರಿ ಸುಟ್ಟವು, ನಮ್ಮ ನಿಪ್ಪಟ್ಟಿನ ದೂರದ ನೆಂಟರಂತಿರುವವು. ಪೊಟ್ಟಣ ಬಿಚ್ಚಿದ್ದೇ ತಡ, ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ನಮ್ಮ ಅಡುಗೆಮನೆಗೆ ಟೋಕಿಯೋದ ಯನಾಕಾ ಎಂಬ ಹಳೆಯ ಬಡಾವಣೆಯ ಗಲ್ಲಿಯೊಂದು ನುಗ್ಗಿ ಬಂತು. ಹೀಗೆ ಬರೆಯುವುದು ಸುಲಭ. ಆ ಗಲ್ಲಿಯಲ್ಲಿ ಆ ಬೆಳಿಗ್ಗೆ ಈ ವಾಸನೆ ಇತ್ತೇ ಎಂದು ನೀವು ಕೇಳಿದರೆ ನಾನು ಪ್ರಮಾಣ ಮಾಡಲಾರೆ. ಹೇಳಿ ಹೇಳಿ ನಾನೇ ಯಾವತ್ತೋ ಸೇರಿಸಿಕೊಂಡಿರಬಹುದು.

"ಗುರುವೇ, ನಿಮ್ಮತ್ತೆ ಹೂ ಕಿತ್ತ ಸ್ಟೋರಿ ಹೇಳಿ. ಇವಳು ಕೇಳಿಲ್ಲ," ಎಂದ ಸುರೇಶ. ಇವಳೆಂದರೆ ಮದುವೆಯಾಗಿ ಹೊಸದಾಗಿ ಬಂದಿದ್ದ ಅವನ ಹೆಂಡತಿ. ಅತ್ತೆ ಅಲ್ಲೇ ಸೋಫಾದಲ್ಲಿ ಕೂತಿದ್ದರು. ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡೆ.

ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿನಿಂದ ನಮ್ಮಲ್ಲಿಗೆ ಬರುವುದೆಂದಾಯಿತು. ಕರೆತರಲು ನಾನೇ ಹೋಗಿದ್ದೆ. ವಾಪಸ್ ಬರುವಾಗ ನನ್ನ ಆಫೀಸಿನ ಕೆಲಸಕ್ಕೆಂದು ಇಬ್ಬರೂ ಟೋಕಿಯೋದಲ್ಲಿ ಎರಡು ದಿನ ಇಳಿದೆವು. ಮಾವನ ಪುಟ್ಟ ಫೋಟೋ ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅವರು ಹೋದಂದಿನಿಂದ ಒಂದು ಬೆಳಿಗ್ಗೆಯೂ ಆ ಫೋಟೋ ಹೂವಿಲ್ಲದೆ ಇದ್ದದ್ದಿಲ್ಲ. ಅಂಗಡಿಯ ಹೂವು ಆಗದು, ಗಿಡದಿಂದ ಕಿತ್ತದ್ದೇ ಬೇಕು. ಮೈಸೂರಿನಿಂದ ಕಾಗದದಲ್ಲಿ ಸುತ್ತಿ ತಂದಿದ್ದ ಹೂವು ವಿಮಾನದಲ್ಲೇ ಮುಗಿದಿತ್ತು. "ಒಂದಿನ ತಪ್ಪಿದ್ರೆ ಅವ್ರು ಇನ್ನೊಂದ್ಸಲ ಹೋದ ಹಾಗೆ," ಎಂದಿದ್ದರು ನನಗೆ.

ಮೈಸೂರಿನಲ್ಲಿ ಬೆಳಗಿನ ವಾಕ್ ಎಂದರೆ ಅರ್ಧ ನಡಿಗೆ, ಇನ್ನರ್ಧ ಪಕ್ಕದವರ ಕಾಂಪೌಂಡಿನ ಹೂವು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇದ್ದರಾಯಿತು. ಅದನ್ನು ಕಳ್ಳತನವೆನ್ನುವವರು ಗಿಡ ನೆಟ್ಟವರು ಮಾತ್ರ. ಟೋಕಿಯೋದಲ್ಲೂ ಅತ್ತೆ ಆ ಬೆಳಿಗ್ಗೆ ಕವರ್ ಹಿಡಿದೇ ಹೊರಟರು.

ಹೋಟೆಲ್ಲಿನಿಂದ ಸ್ವಲ್ಪ ನಡೆದದ್ದೇ ಊರಿನ ಕಟ್ಟಡಗಳು ತಗ್ಗಿದವು. ಮರದ ಮನೆಗಳು, ತಲೆಯ ಮೇಲೆ ಸಿಕ್ಕುಗಟ್ಟಿದ ಕರೆಂಟ್ ತಂತಿಗಳು, ಇನ್ನೂ ಷಟರ್ ಎತ್ತದ ಅಂಗಡಿಗಳು. ಎದುರು ಬಂದ ಮುದುಕರೊಬ್ಬರು ಸೈಕಲ್ ಇಳಿದು, ದಾರಿ ಬಿಟ್ಟು, ನಮಗೆ ತಲೆ ಬಾಗಿಸಿದರು. ಅತ್ತೆಯೂ ಬಾಗಿಸಿದರು. "ಒಳ್ಳೆ ಜನ. ಬೈಯೋಕೂ ಬರಲ್ಲ ಅನ್ಸುತ್ತೆ," ಎಂದರು. ಗುಡಿಯೊಂದರ ಹಿಂದೆ ಸಮಾಧಿಗಳಿದ್ದವು, ಅವುಗಳ ಮುಂದೆ ಬೇಕಾದಷ್ಟು ಹೂವಿತ್ತು. ಅತ್ತೆ ನೋಡಿ, ಮುಂದೆ ನಡೆದರು. ಹೂ ಕದಿಯುವುದಕ್ಕೂ ಒಂದು ರೀತಿನೀತಿ ಇದೆ.

ಅಲ್ಲಿ ಕಾಂಪೌಂಡುಗಳೇ ಇರಲಿಲ್ಲ. ಗಲ್ಲಿಯ ಉದ್ದಕ್ಕೂ ಮನೆಗಳ ಮುಂದೆ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು, ಒಡೆದ ಬಕೆಟ್ಟಿನಲ್ಲೂ ಗಿಡ. ಆದರೆ ಎಲ್ಲವೂ ಬರೀ ಎಲೆ. ಬಿಸಿಲು ಏರುತ್ತಿತ್ತು, ಅತ್ತೆಯ ಹೆಜ್ಜೆ ಬಿರುಸಾಗುತ್ತಿತ್ತು. ಕೊನೆಗೊಂದು ಮನೆಯೆದುರು ಒಂಟಿ ಕೆಂಪು ದಾಸವಾಳ ಕಂಡಿತು. ನಾನು "ಅತ್ತೆ, ಬೇಡ" ಎನ್ನುವಷ್ಟರಲ್ಲಿ ಹೂವು ಅವರ ಕೈಯಲ್ಲಿತ್ತು. ಆ ಮನೆಯ ಬಾಗಿಲು ಸರಿಯಿತು. ಒಬ್ಬ ಅಜ್ಜಿ ಹೊರಬಂದರು.

ಇಲ್ಲಿಂದ ಮುಂದೆ ನನ್ನ ಕಥೆ ಹೀಗೆ ಸಾಗುತ್ತದೆ: ಅಜ್ಜಿ ನಗುತ್ತಾರೆ, ಒಳಗಿನಿಂದ ಇನ್ನಷ್ಟು ಹೂ ತಂದು ಕೊಡುತ್ತಾರೆ, ಇಬ್ಬರೂ ಕೈ ಕೈ ಹಿಡಿದುಕೊಳ್ಳುತ್ತಾರೆ. ಡಲ್ಲಾಸಿನ ಊಟದ ಮೇಜುಗಳಲ್ಲಿ ಇದು ಚೆನ್ನಾಗಿ ಓಡಿದೆ. ಹ್ಯೂಸ್ಟನ್ನಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಅಲ್ಲಿ ನಾನು ಹೂವಿನ ಜೊತೆ ಒಂದು ಕುಂಡವನ್ನೂ ಕೊಡಿಸಿದ್ದೆ.

"ಸುಳ್ಳು," ಎಂದರು ಅತ್ತೆ, ಸೋಫಾದಿಂದ. "ಆಕೆ ಎಲ್ಲಿ ಕೊಟ್ರು? ನಾನಲ್ವಾ ಕೊಟ್ಟಿದ್ದು?"

ಎಲ್ಲರೂ ಅತ್ತ ತಿರುಗಿದೆವು.

"ಆಕೆ ಕೈಲಿ ಕತ್ತರಿ ಇತ್ತು. ಅದೊಂದೇ ಹೂ ಕತ್ತರಿಸ್ಕೊಳ್ಳೋಕೆ ಬಂದಿದ್ರು. ಬಾಗಿಲಿಂದ ಒಳಗಡೆ ಕಾಣ್ತಿತ್ತು, ಮರದ ಗೂಡಲ್ಲಿ ಅವ್ರ ಯಜಮಾನ್ರ ಫೋಟೋ, ಮುಂದೆ ನೀರು ತುಂಬಿಟ್ಟ ಲೋಟ. ಕೊಟ್ಬಿಟ್ಟೆ."

ನನಗೆ ಕತ್ತರಿ ನೆನಪಿದೆ, ಅಜ್ಜಿ ಎರಡೂ ಕೈಯಲ್ಲಿ ಹೂ ತೆಗೆದುಕೊಂಡದ್ದು ನೆನಪಿದೆ. ಫೋಟೋ ಕಂಡದ್ದು ನೆನಪಿಲ್ಲ. ಗಂಡನದೇ ಎಂದು ಹೇಗೆ ಗೊತ್ತು ಎಂದು ಕೇಳಿದೆ.

"ಮಗಂದಾಗಿದ್ರೆ ಆಕೆ ಮುಖ ಬೇರೆ ಥರ ಇರ್ತಿತ್ತು."

"ಮತ್ತೆ ಮಾವನಿಗೆ ಅವತ್ತು ಏನಿಟ್ರಿ?"

ಇಷ್ಟು ವರ್ಷ ನಾನಿದನ್ನು ಕೇಳಿರಲಿಲ್ಲ. ನನ್ನ ಕಥೆಯಲ್ಲಿ ಹೂವು ಸಿಕ್ಕಿಬಿಡುತ್ತಿತ್ತಲ್ಲ.

"ಏನೂ ಇಡಲಿಲ್ಲ. ನೀವು ಆಫೀಸ್ ಕೆಲಸಕ್ಕೆ ಹೋದ್ಮೇಲೆ ರೂಮಲ್ಲಿ ಫೋಟೋ ತೆಗೆದಿಟ್ಕೊಂಡು ಎದುರಿಗೆ ಕೂತೆ, ಏನಾಗುತ್ತೋ ನೋಡೋಣ ಅಂತ. ಏನೂ ಆಗ್ಲಿಲ್ಲ. ಅವ್ರು ಹಾಗೇ ಇದ್ರು." ಅತ್ತೆ ಸೆರಗು ಸರಿಪಡಿಸಿಕೊಂಡರು. "ಅವ್ರು ಹೋದ್ಮೇಲೆ ನಂಗೆ ಸರಿಯಾಗಿ ನಿದ್ದೆ ಬಂದಿದ್ದು ಅವತ್ತೇ."

ಸುರೇಶನ ಹೆಂಡತಿ ತನ್ನ ಕುರ್ಚಿಯನ್ನು ನನ್ನ ಎದುರಿನಿಂದ ಎತ್ತಿ ಸೋಫಾದ ಹತ್ತಿರ ಹಾಕಿಕೊಂಡಳು.

"ಆಮೇಲೆ, ಆಂಟಿ?" ಎಂದಳು.

ನಾನೂ ಕೇಳಲು ಕೂತೆ.