ತೂಕದ ಕೋಣೆಯ ಬಾಗಿಲು

ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಎಂಬ ಹೆಸರು ದೊಡ್ಡದಿತ್ತು. ನಾನು ಕೆಲಸಕ್ಕೆ ಸೇರಿದಾಗ ಅದು ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಹಿಂದೆ ಎರಡು ಬಾಡಿಗೆ ಕೋಣೆಗಳಲ್ಲಿತ್ತು. ಆಮೇಲೆ ನನ್ನನ್ನು ಕಳಿಸಿದ ಹಳೇಬೀಡಿನ ಶಾಖೆಗೆ ಒಂದೇ ಕೋಣೆ ಸಿಕ್ಕಿತು. ಸಂಸ್ಥೆ ಬೆಳೆಯುತ್ತಿದೆ ಎಂದು ವರದಿಯಲ್ಲಿ ಬರೆದೆವು.

ಸುತ್ತಲಿನ ಊರುಗಳ ಕೂಸುಗಳನ್ನು ತಿಂಗಳಿಗೊಮ್ಮೆ ತೂಗಿ, ಅವು ಹೇಗೆ ಬೆಳೆಯುತ್ತವೆಂದು ನೋಡುವುದು ನಮ್ಮ ಕೆಲಸ. ತಪ್ಪಾಗಬಾರದೆಂದು ನಾನು ತೂಕವನ್ನು ಗಟ್ಟಿಯಾಗಿ ಓದಬೇಕು. ಜೊತೆಯವಳು ಅಷ್ಟೇ ಗಟ್ಟಿಯಾಗಿ ಮರಳಿ ಹೇಳಿ ಬರೆದುಕೊಳ್ಳಬೇಕು. ಈ ನಿಯಮ ಮಾಡಿದವರಿಗೆ ಅಜ್ಜಿಯರ ಪರಿಚಯ ಇದ್ದಂತಿರಲಿಲ್ಲ.

ಬಿಕ್ಕೋಡು ಕಡೆಯ ಒಬ್ಬ ಅಜ್ಜಿ, ಮಗಳು ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದುದರಿಂದ, ವರ್ಷ ತುಂಬದ ಮೊಮ್ಮಗಳನ್ನು ತಾವೇ ಕರೆತರುತ್ತಿದ್ದರು. ಒಂದು ದಿನ ನಾನು ಓದಿದ ತೂಕ ಕೋಣೆಯಲ್ಲಿ ಕಾದು ಕೂತವರಿಗೆಲ್ಲ ಕೇಳಿಸಿತು. ಅಜ್ಜಿ ಮಗುವನ್ನು ಎತ್ತಿಕೊಂಡರು.

"ಏನವ್ವ, ಸಂತೇಲಿ ಕೂಗ್ದಂಗೆ ಕೂಗ್ತೀಯ. ದೃಷ್ಟಿ ಆದ್ರೆ ನೀನು ಬಂದು ತೆಗೀತೀಯಾ?"

"ಹಾಗೇ ಹೇಳ್ಬೇಕು ಅಜ್ಜಿ, ನಿಯಮ."

"ಹಂಗಾದ್ರೆ ಒಂದು ಕೆಜಿ ಕಮ್ಮಿ ಹೇಳು. ಬರ್ಕೊಳ್ಳೋದು ಸರಿಯಾಗೇ ಬರ್ಕೊ."

ಆಗುವುದಿಲ್ಲ ಎಂದೆ. ಅವರು ಹೊರಟೇಬಿಟ್ಟರು. ಹಿಂದಿನ ತಿಂಗಳಿಂದ ಮಗುವಿನ ತೂಕ ಏರಿಯೇ ಇಲ್ಲ ಎಂದು ಹೇಳಲು ನನಗೆ ಸಮಯ ಸಿಗಲಿಲ್ಲ. ಮುಂದಿನ ತಿಂಗಳು ಅವರೂ ಬರಲಿಲ್ಲ, ಅವರೂರಿನ ಬೇರೆ ಅಜ್ಜಿಯರೂ ಬರಲಿಲ್ಲ.

ಪಕ್ಕದ ಖಾಲಿ ಮಳಿಗೆಯನ್ನು ಬಾಡಿಗೆಗೆ ಹಿಡಿದು, ನಡುವೆ ಬಾಗಿಲಿಡಿಸಿ, ಒಂದೊಂದೇ ಮಗುವನ್ನು ಒಳಗೆ ಕರೆಯತೊಡಗಿದೆವು. ಈಗ ಸಂಸ್ಥೆಗೆ ಸ್ವಂತ ಕಟ್ಟಡಗಳಿವೆ. ಬೇಲೂರಿನಲ್ಲಿ ಕಟ್ಟಿದ್ದರಲ್ಲೂ ತೂಕದ ಕೋಣೆಗೆ ದಪ್ಪ ಬಾಗಿಲಿದೆ. ನೋಡಲು ಬಂದವರು ಖಾಸಗಿತನಕ್ಕೆ ನಾವು ಕೊಡುವ ಗೌರವವನ್ನು ಹೊಗಳುತ್ತಾರೆ.

ಮೊದಲ ಬಾಗಿಲು ಕೂತ ಮರುದಿನವೇ ನಾನು ಅಜ್ಜಿಯ ಮನೆಗೆ ಹೋಗಿ, ಇನ್ನು ತೂಕ ಹೊರಗೆ ಕೇಳಿಸುವುದಿಲ್ಲ ಎಂದು ಹೇಳಿಬಂದೆ. ಅವರು ಬಂದರು, ಬಾಗಿಲನ್ನು ತಾವೇ ಹಾಕಿದರು. ಮಗುವಿನ ತೂಕ ಇಳಿದಿತ್ತು. ಹಾಗೆಂದರೆ ಏನೆಂದೂ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಮಗುವಿನ ಕಾಲು ಸವರುತ್ತಿದ್ದರು.

"ಅವತ್ತು ನೀನು ಕೂಗಿದ್ಕೇ ಕಣೇ ಇದು ಆಗಿದ್ದು."

ಅಲ್ಲ ಎಂದು ತೋರಿಸಲು ನನ್ನ ಬಳಿ ಅಂಕಿಗಳಿದ್ದವು. ತೋರಿಸಲಿಲ್ಲ.

"ಇರಬಹುದು ಅಜ್ಜಿ. ಇವತ್ತೇ ಹಾಸನಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸೋಣ. ನಾನೂ ಬರ್ತೀನಿ."

"ಬರ್ದೆ ಇನ್ನೇನು? ಮಾಡ್ದೋಳು ನೀನು."

ಜೀಪಿನಲ್ಲಿ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದರು. ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳಬೇಕೆಂದಾಗ ಅಜ್ಜಿ ತಕರಾರು ಮಾಡಲಿಲ್ಲ. ಮಗಳು ಬರುವವರೆಗೆ ತಮಗೆ ಊಟ ತಂದುಕೊಡುವ ಕೆಲಸವನ್ನು ಮಾತ್ರ ನನಗೆ ವಹಿಸಿದರು.