ಕಿವಿ ಅಕ್ಕ ಬ್ಯಾಟರಿ ಪರೀಕ್ಷಿಸಿದ್ದು

ಬೆಳಗ್ಗೆ ಮೊದಲ ಮಗು ಬರುವ ಮುಂಚೆ ಕಿವಿ ಅಕ್ಕ ತಮ್ಮ ಕಿವಿಯನ್ನೇ ಪರೀಕ್ಷಿಸಿಕೊಳ್ಳುತ್ತಾರೆ. ಲ್ಯಾಪ್‌ಟಾಪಿಗೆ ಜೋಡಿಸಿದ ಕಿವಿಯ ಯಂತ್ರದ, ಬಟಾಣಿಯಷ್ಟು ದಪ್ಪದ ಮೆತ್ತನೆಯ ತುದಿಯನ್ನು ಬಲಗಿವಿಗೆ ಸಿಕ್ಕಿಸಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ನೆಗಡಿಯಾದ ದಿನ ಎಡಗಿವಿ, ಅಷ್ಟೇ.

ಹಸುಗೂಸುಗಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವುದು ಆಸ್ಪತ್ರೆಯಲ್ಲಿ ಅವರ ಕೆಲಸ; ಅದಕ್ಕೇ ಎಲ್ಲರ ಬಾಯಲ್ಲೂ ಅವರು ‘ಕಿವಿ ಅಕ್ಕ’. ಆ ಮೆತ್ತನೆಯ ತುದಿ ಕಿವಿಯೊಳಗೆ ಸಣ್ಣ ಸದ್ದು ಕಳಿಸುತ್ತದೆ. ಒಳಗಿನಿಂದ ಮಾರುತ್ತರ ಬಂದರೆ ಪರದೆಯ ಮೇಲೆ ಅಲೆ ಏಳುತ್ತದೆ. ಚಾರ್ಜರ್ ಸಿಕ್ಕಿಸಿದ್ದರೆ ಕರೆಂಟಿನ ಗುಂಯ್‌ಗುಟ್ಟುವಿಕೆ ಆ ಅಲೆಯನ್ನು ಕೆಡಿಸುತ್ತದೆ. ಹಾಗಾಗಿ ಪರೀಕ್ಷೆಯೆಲ್ಲ ಬ್ಯಾಟರಿಯಲ್ಲೇ. ಲ್ಯಾಪ್‌ಟಾಪೋ ಹಳೆಯದು, ಮೂರೇ ಗಂಟೆಯೊಳಗೆ ಉಸಿರು ಬಿಡುತ್ತಿತ್ತು. ಬ್ಯಾಟರಿ ಉಳಿಸುವ ಮೂರು ತಂತ್ರಾಂಶಗಳನ್ನು ಹಾಕಿ ನೋಡಿ, ಒಳ್ಳೆಯದನ್ನು ಆರಿಸಿ ಎಂದು ಆಸ್ಪತ್ರೆಯವರು ಅವರಿಗೇ ಹೇಳಿದರು.

ಮೊದಲನೆಯದು ಬಣ್ಣಬಣ್ಣದ ಚಿತ್ರ ತೋರಿಸಿತು, ಉಳಿಸಿದ್ದು ಹತ್ತು ನಿಮಿಷ. ಎರಡನೆಯದು ಪರದೆಯನ್ನು ಎಷ್ಟು ಮಬ್ಬು ಮಾಡಿತೆಂದರೆ ಅಲೆ ಇದೆಯೋ ಇಲ್ಲವೋ ಎಂದು ಮೂಗು ತಾಗಿಸಿ ನೋಡಬೇಕಾಯಿತು. ಮೂರನೆಯದು ಒಂದೂವರೆ ಗಂಟೆ ಹೆಚ್ಚು ಕೊಟ್ಟಿತು. ಎಲ್ಲರಿಗೂ ಖುಷಿ.

ಅದನ್ನು ಹಾಕಿದ ಎರಡನೆಯ ದಿನ, ಮಧ್ಯಾಹ್ನದ ಕೊನೆಯ ಮಗುವಿಗೆ ಪರದೆಯಲ್ಲಿ ಗೆರೆ ಅಲುಗಲಿಲ್ಲ. ಎರಡೂ ಕಿವಿ, ಮೂರು ಮೂರು ಸಲ. ‘ಉತ್ತರವಿಲ್ಲ’ ಎಂದು ಬರೆದು, ಮುಂದಿನ ತಿಂಗಳು ದೊಡ್ಡ ಪರೀಕ್ಷೆಗೆ ಬರಬೇಕೆಂದು ತಾಯಿಗೆ ತಿಳಿಸಿದರು. ಆಕೆ ಮಗುವಿನ ಟೊಪ್ಪಿಗೆ ಸರಿಮಾಡುತ್ತಾ ಮೆಲ್ಲಗೆ ಕೇಳಿದಳು:

“ಹಾಗಾದ್ರೆ ಇಷ್ಟು ದಿನ ನಾನು ಮಾತಾಡಿದ್ದು ಯಾವುದೂ ಇವಳಿಗೆ ಕೇಳಿಸಿಲ್ವಾ?”

ಆಕೆ ಬಾಗಿಲು ದಾಟುವಾಗ ಹೊರಗೆ ಯಾರದೋ ಕೈಯಿಂದ ಸ್ಟೀಲ್ ಟ್ರೇ ಬಿತ್ತು. ತಾಯಿಯ ಹೆಗಲ ಮೇಲಿದ್ದ ಮಗು ಬೆಚ್ಚಿ ಎರಡೂ ಕೈ ಚಾಚಿತು. ಅಕ್ಕ ಎದ್ದು ಹೊರಗೆ ಬರುವಷ್ಟರಲ್ಲಿ ಲಿಫ್ಟ್ ಕೆಳಗಿಳಿದಿತ್ತು.

ಮರುದಿನ ರಜೆ. ಆದರೂ ಪರೀಕ್ಷೆಯ ಕೋಣೆಗೆ ಬಂದು, ಪೂರ್ತಿ ಚಾರ್ಜಿದ್ದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ತಮ್ಮ ಕಿವಿಗೇ ತುದಿ ಸಿಕ್ಕಿಸಿ ಕೂತರು. ಹತ್ತು ನಿಮಿಷಕ್ಕೊಂದು ಪರೀಕ್ಷೆ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡುವುದು. ಮೊದಲ ಎರಡು ಗಂಟೆ ಕಾಲ ಅಲೆ ಚೆನ್ನಾಗಿ ಎದ್ದಿತು. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಿತು, ಗೆರೆ ಮಲಗಿತು. ‘ಉತ್ತರವಿಲ್ಲ.’

ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಪರದೆ ನೋಡಿ ಅವನು ನಕ್ಕ.

“ಅಕ್ಕ, ಇದರ ಪ್ರಕಾರ ನಾನು ಹೇಳ್ತಿರೋದು ನಿಮಗೆ ಕೇಳಿಸ್ತಾನೇ ಇಲ್ಲ.”

“ಕೇಳಿಸದೆ ಇದ್ದಿದ್ರೆ ನಿನ್ನ ಹರಟೆ ತಪ್ತಿತ್ತು. ಯಾಕೆ ಹೀಗೆ ಅಂತ ನೋಡಪ್ಪ.”

ಒಂದು ಗಂಟೆ ತಡಕಾಡಿದ ಮೇಲೆ ಸಿಕ್ಕಿತು. ಬ್ಯಾಟರಿ ಅರ್ಧಕ್ಕಿಂತ ಇಳಿದೊಡನೆ, ಯಂತ್ರಗಳ ತಂತಿ ಸಿಕ್ಕಿಸುವ ಪೋರ್ಟುಗಳಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದವನ್ನೆಲ್ಲ ತಂತ್ರಾಂಶ ಮಲಗಿಸಿಬಿಡುತ್ತಿತ್ತು. ಅಳುವ ಮಗುವನ್ನು ಸಮಾಧಾನಪಡಿಸುವಷ್ಟರಲ್ಲಿ ಕಿವಿಯ ಯಂತ್ರಕ್ಕೆ ನಿದ್ದೆ. ಬೆಳಗಿನ ಪರೀಕ್ಷೆಯ ಹೊತ್ತಿಗೆ ಬ್ಯಾಟರಿ ತುಂಬಿರುತ್ತಿದ್ದುದರಿಂದ ಇದು ಗೊತ್ತಾಗಿರಲಿಲ್ಲ. ಅದೊಂದನ್ನು ನಿಲ್ಲಿಸಿದರಾಯಿತಲ್ಲ ಎಂದ ಅವನು. ನಿಲ್ಲಿಸಿ, ಮತ್ತೆ ಪೂರ್ತಿ ಚಾರ್ಜ್ ಮಾಡಿ, ಸಂಜೆಯವರೆಗೂ ಕೂತು ನೋಡಿದರು. ಉಳಿತಾಯ ಇಪ್ಪತ್ತೇ ನಿಮಿಷಕ್ಕೆ ಇಳಿದಿತ್ತು. ಮೂರೂ ಬೇಡ, ಹೊಸ ಬ್ಯಾಟರಿಯೇ ಬೇಕು ಎಂದು ವರದಿ ಬರೆದರು. ಕೊನೆಯಲ್ಲಿ ಆ ಮಗುವಿನ ವಿಷಯವನ್ನೂ ಬರೆದು, ಪರೀಕ್ಷಿಸಿದವರು ಎಂಬಲ್ಲಿ ತಮ್ಮ ಹೆಸರು ಹಾಕಿದರು.

ಮಾರನೆಯ ಬೆಳಗ್ಗೆ ವರದಿ ಓದಿದ ಹಿರಿಯ ವೈದ್ಯರು ಅಕ್ಕನನ್ನು ಕರೆದು ಕೂರಿಸಿಕೊಂಡರು. ಅಕ್ಕನ ಮೇಲೆ ವೈದ್ಯರಿಗೆ ಮೊದಲಿನಿಂದಲೂ ಮಮತೆ.

“ಆ ಮನೆಗೆ ನಾನೇ ಫೋನ್ ಮಾಡ್ತೀನಮ್ಮ. ಯಂತ್ರ ಕೆಟ್ಟಿತ್ತು ಅಂತೀನಿ. ಈ ಕೊನೇ ಸಾಲು ತೆಗೆದುಬಿಡು. ನೀನು ಯಾಕೆ ಜನರ ಮಾತು ಕೇಳ್ಬೇಕು?”

ಅಕ್ಕ ಆಗಲೇ ಕಿವಿಯ ಯಂತ್ರವನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡಿದ್ದರು. ಮೂರನೆಯ ತಂತ್ರಾಂಶವನ್ನು ಲ್ಯಾಪ್‌ಟಾಪಿನಿಂದ ತೆಗೆದಾಗಿತ್ತು.

“ಬೇಡ ಡಾಕ್ಟ್ರೇ. ಆ ತಾಯಿಗೆ ಹೇಳಿದ್ದು ನಾನು. ಈಗ ಅವರ ಮನೆಗೇ ಹೋಗಿ ಮಗುವನ್ನ ಇನ್ನೊಂದು ಸಲ ನೋಡ್ತೀನಿ. ಉತ್ತರ ಬರಲಿ, ಬಾರದೇ ಇರಲಿ, ನಾನೇ ಹೇಳ್ತೀನಿ. ಆ ಸಾಲು ಇರಲಿ.”