ತಾಂಡೂರಿನ ಕಲ್ಲಿಗೆ ಒಗ್ಗುವ ಮೀನು

ಮನೆಗಳಿಗೆ ಹೋಗಿ ಅಕ್ವೇರಿಯಂ ಕೂಡಿಸಿಕೊಡುವುದು ನನ್ನ ಕೆಲಸ. ತಾಂಡೂರಿನ ಕಲ್ಲಿನ ಗಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರೊಬ್ಬರು ಟೆಟ್ರಾ ಮೀನು ಬೇಕೆಂದಿದ್ದರು. ನಾನು ಗಿಡ ನೆಡುತ್ತಿದ್ದಾಗ ಒಂದು ನೀಲಿ ಕಲ್ಲು ತಂದು, “ಇದನ್ನ ನಡುವ ಇಡ್ರಿ” ಎಂದರು.

“ಇದು ಸುಣ್ಣದ ಕಲ್ಲು. ನೀರು ಗಡಸಾಗತದ, ಈ ಮೀನ ಬಾಳಂಗಿಲ್ರಿ.”

ಅವರು ಕಲ್ಲನ್ನು ಕೆಳಗಿಡಲಿಲ್ಲ. “ನಾನು, ನನ್ನ ತಮ್ಮ ಕೂಡಿ ಒಡೆದ ಆಖರಿ ಕಲ್ಲರೀ ಇದು. ಅಂವ ಈಗಿಲ್ಲ. ನೀವು ಮೀನ ಬದಲ ಮಾಡ್ರಿ.”

ಮಾಡಿದೆ. ಗಡಸು ನೀರಿಗೆ ಒಗ್ಗುವ ಗಪ್ಪಿ, ಮೋಲಿ ಮೀನುಗಳನ್ನು ತೊಟ್ಟಿಗೆ ಬಿಟ್ಟು, ಕಲ್ಲಿನ ಹಿಂದೆ ಉದ್ದೆಲೆಯ ನೀರುಹುಲ್ಲು ನೆಟ್ಟೆ. ಮರುತಿಂಗಳು ಹೋದರೆ ತೊಟ್ಟಿಯ ತುಂಬ ಮರಿಗಳು. “ಬಂದವರೆಲ್ಲ ಮೀನ ಹೊಗಳತಾರ” ಎಂದ ಹಿರಿಯರು ತಾವು ಮಾತ್ರ ಕಲ್ಲು ನೋಡುತ್ತ ಕುಳಿತರು.

ಈಗ ಯಾರು ಕರೆದರೂ ಮನೆಯಲ್ಲಿ ಇಡಬೇಕಾದ ಕಲ್ಲೇನಾದರೂ ಇದೆಯೇ ಎಂದು ಮೊದಲು ಕೇಳುತ್ತೇನೆ. ಕೆಲವರು ನಾನು ಸಮಾಧಿ ಕಟ್ಟುವವನೆಂದು ತಿಳಿದು ಫೋನ್ ಇಡುತ್ತಾರೆ.